ಊಟದ ಪ್ರಾರ್ಥನೆ

ಹೇಗರ್ಸ್ ಕೋವ್, ನ್ಯೂಫೌಂಡ್‌ಲೆಂಡ್
ಏಪ್ರಿಲ್ ೨೪, ೧೯೬೨, ಮಂಗಳವಾರ

ಕರ್ತನ ನೆರಳಿನಲ್ಲಿ ಗಂಡ ಮಕ್ಕಳೊಂದಿಗೆ ಚೆನ್ನಾಗಿರಬೇಕಾದ ನನ್ನ ಮುದ್ದು ತಂಗಿ ಎಲ್ಫ್ರೀಡಾಗೆ,

ಅಕ್ಕ ಸೆಲೀನಾಳ ಮುತ್ತುಗಳು. ನೀನು ಕ್ರಿಸ್‌ಮಸ್‌ಗೆ ಕಳಿಸಿದ ಪೆಟ್ಟಿಗೆ ನಮ್ಮ ಕೈ ಸೇರಿದ್ದು ಫೆಬ್ರವರಿಯಲ್ಲಿ. ಕಿತ್ತಳೆಗಳೆಲ್ಲ ಕಲ್ಲುಗುಂಡಾಗಿದ್ದವು. ಒಲೆಯ ಪಕ್ಕ ಇಟ್ಟು ಮೆತ್ತಗೆ ಮಾಡಿ ತಿಂದೆವು. ಟೊರಾಂಟೊದಲ್ಲಿ ಕೂತು ನೀನು ಅಷ್ಟು ಜೋಪಾನವಾಗಿ ಕಾಗದ ಸುತ್ತಿ ಕಳಿಸಿದ್ದೆ. ಈಗ ಏಪ್ರಿಲ್ ಮುಗಿಯುತ್ತಾ ಬಂತು, ಸಿಕ್ಕಿತು ಅಂತ ಒಂದು ಸಾಲು ಬರೆದಿಲ್ಲವಲ್ಲ ಈ ಅಕ್ಕ ಅಂತ ಬೈದುಕೊಂಡಿರುತ್ತೀಯ. ಬೈದುಕೋ, ನನಗೆ ಬೇಜಾರಿಲ್ಲ. ಕೊಲ್ಲಿಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ಅಂಚೆ ಬರೋದು ಹೋಗೋದು ಕಷ್ಟವಾಗಿತ್ತು, ನಿಜ. ಆದರೆ ಎಲ್ಲವನ್ನೂ ಮಂಜುಗಡ್ಡೆಯ ತಲೆಗೆ ಕಟ್ಟಿದರೆ ಸುಳ್ಳಾದೀತು. ಪೆನ್ನು ಹಿಡಿದರೆ ಗಾರ್ಲಂಡನ ಹೆಸರು ಬರೆಯಬೇಕಾಗುತ್ತಿತ್ತು. ಕೈ ಬರುತ್ತಿರಲಿಲ್ಲ.

ನನ್ನ ಮಗ ಹೋದಾಗ ನಾನು ನಿನಗೆ ಬರೆದದ್ದು ಒಂದೇ ಕಾಗದ. ದೋಣಿ ಮಗುಚಿತು, ಜೊತೆಗಿದ್ದ ಹೆಡ್ಲಿ ಸಿಕ್ಕಿದ, ನಮ್ಮವನು ಸಿಗಲಿಲ್ಲ ಅಂತ. ಆಮೇಲೆ ನೀನು ಎಷ್ಟು ಸಲ ಕೇಳಿದೆ, ನಾನು ಹವಾಮಾನದ ಸುದ್ದಿ ಬರೆದು ಕಳಿಸಿದೆ. ಇವತ್ತು ಎಲ್ಲ ಹೇಳುತ್ತೇನೆ. ಒಲೆಗೆ ಸೌದೆ ಹಾಕಿದ್ದೇನೆ, ಬ್ರೆಡ್ಡಿನ ಹಿಟ್ಟು ಉಬ್ಬೋಕೆ ಇಟ್ಟಿದ್ದೇನೆ, ನಿನ್ನ ಭಾವ ದಕ್ಕೆಯ ಮೇಲೆ ಬಲೆ ಹೆಣೆಯುತ್ತಾ ಕೂತಿದ್ದಾರೆ. ಅವರು ಆರೋಗ್ಯವಾಗಿದ್ದಾರೆ. ಕೆಮ್ಮು ಕಡಿಮೆಯಾಗಿದೆ.

ಅವನು ಹೋಗಿ ಎರಡು ಚಳಿಗಾಲ ಕಳೆಯಿತು. ಹೆಣ ಸಿಗದ ಸಾವು ಎಂಥದ್ದು ಅಂತ ನಿನಗೆ ಹೇಗೆ ಹೇಳಲಿ. ಮಣ್ಣು ಮಾಡಲಿಲ್ಲ, ಗೋರಿಯ ಮೇಲೆ ಹೂವಿಡಲು ಜಾಗ ಇಲ್ಲ. ನಾನೂ ನಿನ್ನ ಭಾವನೂ ಅಡುಗೆಮನೆಯ ಕಿಟಕಿಯ ಹತ್ತಿರ ಒಂದೊಂದು ಕುರ್ಚಿ ಹಾಕಿಕೊಂಡು ಕೊಲ್ಲಿಯ ಬಾಯಿ ನೋಡುತ್ತಾ ಕೂರುತ್ತಿದ್ದೆವು. ಚಾ ಆರಿ ತಣ್ಣಗಾಗುತ್ತಿತ್ತು. ಗಾಳಿ ಎದ್ದರೆ ನನಗೆ ಅವನ ಕೂಗು ಕೇಳಿಸುತ್ತಿತ್ತು, "ಅಮ್ಮಾ" ಅಂತ. ಆ ತಣ್ಣನೆಯ ನೀರಿನಲ್ಲಿ ಎಷ್ಟು ಹೊತ್ತು ಕೂಗಿದನೋ, ಎಷ್ಟು ಹೆದರಿದ್ದನೋ ಅನ್ನುವುದೊಂದೇ ಯೋಚನೆ. ಮಲಗಿದರೂ ಅದೇ, ಮೀನು ಸೀಳುವಾಗಲೂ ಅದೇ.

ಚರ್ಚಿಗೆ ಹೋಗುವುದನ್ನು ಬಿಟ್ಟೆವು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ. ಪಾದ್ರಿಗಳು ಒಂದು ದಿನ ಮನೆಗೆ ಬಂದರು. ಒಳ್ಳೆಯ ಮನುಷ್ಯ, ವಯಸ್ಸು ಚಿಕ್ಕದು. ಟೋಪಿ ತೊಡೆಯ ಮೇಲಿಟ್ಟುಕೊಂಡು, "ದೇವರೂ ತನ್ನ ಒಬ್ಬನೇ ಮಗನನ್ನ..." ಅಂತ ಶುರು ಮಾಡಿದರು ಅಷ್ಟೆ. ನಿನ್ನ ಭಾವ ಎದ್ದು ನಿಂತರು.

"ಅದನ್ನ ಹೇಳೋಕೆ ಬಂದಿದ್ರೆ ಹೇಳ್ಬೇಡಿ ಪಾದ್ರಿಗಳೇ. ಅವನ ಮಗ ಮೂರನೇ ದಿನ ವಾಪಸ್ ಬಂದ."

ಪಾದ್ರಿಗಳ ಮುಖ ಕೆಂಪಾಯಿತು. ಪಾಪ, ಕೊಟ್ಟ ಚಾ ಮುಗಿಸಿ, ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋದರು. ನನಗೆ ಆಗ ನಿನ್ನ ಭಾವನ ಮೇಲೆ ಎಂಥ ಪ್ರೀತಿ ಉಕ್ಕಿತು ಅಂದರೆ, ಹೋಗಿ ಅವರ ಕೈ ಹಿಡಿದುಕೊಂಡೆ. ನಾನು ಹೇಳಬೇಕೆಂದಿದ್ದನ್ನೇ ಅವರು ಹೇಳಿದ್ದರು.

ಇನ್ನು ಹೆಡ್ಲಿ. ನಿನಗೆ ಅವನು ಚಿಕ್ಕವನಾಗಿ ನೆನಪಿರಬೇಕು, ವ್ಯಾಚರ್ ಮನೆಯ ಕೆಂಪು ಕೂದಲಿನವನು. ಅವನೂ ಗಾರ್ಲಂಡನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಕೊಲ್ಲಿಯ ಹೊರಗಿನ ಹೊಗೆ ಬಂಡೆಯ ಹತ್ತಿರ ಅಲೆ ಅಪ್ಪಳಿಸಿ ದೋಣಿ ಮಗುಚಿದಾಗ ಇಬ್ಬರೂ ಅದರ ಬೆನ್ನಿಗೆ ಅಂಟಿಕೊಂಡಿದ್ದರಂತೆ. ಬೇರೆ ಊರಿನ ದೋಣಿಯವರು ನೋಡಿ ಅಲ್ಲಿಗೆ ಬರುವಷ್ಟರಲ್ಲಿ ಹೆಡ್ಲಿ ಒಬ್ಬನೇ ಇದ್ದ. ಅಲ್ಲಿಂದೀಚೆಗೆ ನಿನ್ನ ಭಾವ ಅವನ ಮುಖ ನೋಡಿಲ್ಲ. ಅವನು ಎದುರಿಗೆ ಬಂದರೆ ಇವರು ದಾರಿ ಬಿಟ್ಟು ಹಿಮದೊಳಗೆ ಇಳಿಯುತ್ತಿದ್ದರು. ಅವನು ಏನೂ ತಪ್ಪು ಮಾಡಿರಲಿಲ್ಲ ಎಲ್ಫೀ. ಬದುಕಿದ್ದ, ಅಷ್ಟೆ. ನಮಗೆ ಅದನ್ನೇ ನೋಡಲಾಗುತ್ತಿರಲಿಲ್ಲ.

ಈ ಸಲದ ಚಳಿಗಾಲದಲ್ಲಿ ನಮ್ಮೂರಿನ ಮುದುಕಿ ಡ್ರುಸಿಲ್ಲಜ್ಜಿ ಹಾಸಿಗೆ ಹಿಡಿದಳು. ಕಣ್ಣಂತೂ ಯಾವತ್ತೋ ಹೋಗಿತ್ತು. ಮಗ ಮರ ಕಡಿಯುವ ಕ್ಯಾಂಪಿಗೆ ಹೋದವನು ವಸಂತದವರೆಗೆ ಬರುವ ಹಾಗಿರಲಿಲ್ಲ. ಮಧ್ಯಾಹ್ನ ಬಂದು ದೇವರ ವಾಕ್ಯ ಓದಿ ಹೇಳು ಅಂತ ನನಗೇ ಹೇಳಿ ಕಳಿಸಿದಳು. ಆಗಲ್ಲ ಅನ್ನೋಣ ಅಂತಲೇ ಹೋದೆ.

"ಯಾರು, ಸೆಲೀನಾನಾ? ಹೆಜ್ಜೆ ಸದ್ದು ಕೇಳಿದ್ರೆ ಯಾರನ್ನೋ ಹೊಡೆಯೋಕೆ ಬಂದ ಹಾಗಿದೆ."

"ನನ್ನ ಕೈಲಿ ಓದೋಕೆ ಆಗಲ್ಲ ಅಜ್ಜಿ. ನಂಗೀಗ ನಂಬಿಕೆ ಇಲ್ಲ."

"ನಂಬಿಕೆ ನನ್ನ ಹತ್ರ ಇದೆ ಬಿಡು. ನಿನ್ನ ಹತ್ರ ಕಣ್ಣಿದೆ. ಇಬ್ರೂ ಸೇರಿದ್ರೆ ಒಬ್ಳು ಪೂರಾ ಕ್ರೈಸ್ತಳಾಗ್ತೀವಿ. ಕೂತ್ಕೋ, ಮೊದ್ಲು ಆ ಪೈಪಿಗೆ ತಂಬಾಕು ತುಂಬ್ಕೊಡು."

ಏನು ಮಾಡಲಿ, ಕೂತೆ. ಹಲ್ಲು ಕಚ್ಚಿಕೊಂಡು ಓದಿದೆ. ಮುಗಿಸಿದ ಮೇಲೆ ಅಜ್ಜಿ ಹೊಗೆ ಬಿಟ್ಟು, "ಪಾದ್ರಿ ಓದಿದ್ರೆ ನಿದ್ದೆ ಬರತ್ತೆ. ನೀನು ಓದಿದ್ರೆ ದೇವರ ಜೊತೆ ಜಗಳಕ್ಕೆ ನಿಂತ ಹಾಗಿರತ್ತೆ. ನಾಳೆ ಬಾ" ಅಂದಳು. ಹೀಗೆ ದಿನಾ ಹೋಗುವುದಾಯಿತು. ಅವಳ ಗಂಡನನ್ನೂ ಇಬ್ಬರು ತಮ್ಮಂದಿರನ್ನೂ ಸಮುದ್ರವೇ ತಿಂದದ್ದು. ಒಂದು ದಿನವೂ ಅವಳು ನನಗೆ ಸಮಾಧಾನ ಹೇಳಲಿಲ್ಲ. ನಾನು ಓದುತ್ತಾ ಓದುತ್ತಾ ಅತ್ತರೆ, "ಅಲ್ಲಿ ನಿಲ್ಲಿಸ್ಬೇಡ, ಮುಂದಿನ ಸಾಲು ಓದು" ಅನ್ನುವಳು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ನಾನು ಅಲ್ಲಿರುವಾಗಲೇ ಬಾಗಿಲು ತೆಗೆದುಕೊಂಡು ಹೆಡ್ಲಿ ಬಂದ, ತೋಳಿನ ತುಂಬ ಸೌದೆ. ಅಜ್ಜಿಗೆ ಸೌದೆ ತಂದು ಹಾಕುತ್ತಿದ್ದವನು ಅವನೇ ಅಂತ ನನಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿದವನೇ ಸೌದೆಯನ್ನು ಹೊಸ್ತಿಲಲ್ಲೇ ಸುರಿದು ತಿರುಗಿದ.

"ಲೋ ಹೆಡ್ಲಿ," ಅಂದಳು ಅಜ್ಜಿ. "ಬಾಗಿಲಲ್ಲಿ ಹಾಕಿ ಓಡಿದ್ರೆ ನಾನೇನು ಎದ್ದು ಬಂದು ಹೊರ್ತೀನಾ? ಒಳಗೆ ಬಾ. ಬಾಗ್ಲು ಮುಚ್ಚು."

ಅವನು ಒಳಗೆ ಬಂದು ಒಲೆಯ ಹತ್ತಿರ ನಿಂತ. ಎಷ್ಟು ಬಡಕಲಾಗಿದ್ದಾನೆ ಅಂತೀಯ. ನಾನು ಶಾಲು ಎತ್ತಿಕೊಂಡು ಎದ್ದೆ. ಅಜ್ಜಿ ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಎರಡು ಚಳಿಗಾಲ ಆಯ್ತು ಸೆಲೀನಾ. ಆ ಹುಡುಗ ಏನೇನು ನೋಡ್ದ ಅಂತ ಯಾರೂ ಅವನನ್ನ ಕೇಳಿಲ್ಲ. ನೀನು ಕೇಳು."

ನಾನು ಕೇಳಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆಯೇ. "ಅವ್ನು ನನ್ನ ಕೂಗ್ದ್ನಾ?" ಅಂದೆ.

ಹೆಡ್ಲಿ ತಲೆಯಾಡಿಸಿದ. "ಇಲ್ಲ ಅತ್ತೆ. ಮೊದಮೊದ್ಲು ಬೈದ. ಎಂಜಿನ್ನಿಗೆ ಬೈದ, ನಂಗೆ ಬೈದ. ಆಮೇಲೆ ಪ್ರಾರ್ಥನೆ ಮಾಡೋಣ ಕಣೋ ಅಂದ. ಇಬ್ರಿಗೂ ಒಂದೂ ನೆನಪಿಗೆ ಬರ್ಲಿಲ್ಲ. ಚಳೀಲಿ ತಲೆ ಖಾಲಿಯಾಗಿತ್ತು. ಕೊನೆಗೆ ಅವನಿಗೆ ಒಂದು ಬಂತು. ನಿಮ್ಮನೆ ಊಟದ ಪ್ರಾರ್ಥನೆ."

ನಿನಗೆ ನೆನಪಿದೆಯಲ್ಲ ಎಲ್ಫೀ, ನಮ್ಮಮ್ಮ ಹೇಳಿಕೊಟ್ಟದ್ದು. ಕರ್ತನೇ, ಕೊಟ್ಟದ್ದಕ್ಕೆ ಸ್ತೋತ್ರ, ಹಸಿದವರನ್ನ ಮರೀಬೇಡ, ಮನೆಮಂದೀನೆಲ್ಲ ಒಟ್ಟಿಗೆ ಇಡು, ಆಮೆನ್. ನಾನು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಜೋಡಿಸಿ ಹಿಡಿದು ಕಲಿಸಿದ್ದು. ಪೂರ್ತಿ ಹೇಳುವ ಮೊದಲೇ ಬ್ರೆಡ್ಡಿಗೆ ಕೈ ಹಾಕುತ್ತಿದ್ದ ಪೋರ.

"ಪೂರ್ತಿ ಹೇಳ್ದ ಅತ್ತೆ. ಆಮೆನ್ ಅಂದ್ಮೇಲೆ ನನ್ನ ಮುಖ ನೋಡಿ ನಕ್ಕ. 'ಪ್ರಾರ್ಥನೆ ಆಯ್ತು, ಊಟ ಎಲ್ಲಿ? ಇವತ್ತು ಶನಿವಾರ, ಅಮ್ಮ ಬಟಾಣಿ ಸಾರು ಮಾಡಿರ್ತಾಳೆ' ಅಂದ. ನಂಗೂ ನಗು ಬಂತು. ಆ ನೀರಲ್ಲಿ ಇಬ್ರೂ ನಕ್ವಿ. ಸ್ವಲ್ಪ ಹೊತ್ತಾದ್ಮೇಲೆ, 'ಈಗ ಚಳಿ ಇಲ್ಲ ಕಣೋ ಹೆಡ್ಲಿ, ಕೈ ಬೆಚ್ಚಗಾಯ್ತು' ಅಂದ. ನಾನು ಅವನ ತೋಳು ಹಿಡ್ಕೊಂಡಿದ್ದೆ. ಹಿಡ್ಕೊಂಡೇ ಇದೀನಿ ಅಂದ್ಕೊಂಡಿದ್ದೆ. ನೋಡಿದ್ರೆ ನನ್ನ ಕೈಲಿ ಏನೂ ಇರ್ಲಿಲ್ಲ."

ಅಷ್ಟು ಹೇಳಿ ಆ ಹುಡುಗ ಒಲೆಯ ಮುಂದೆ ನೆಲಕ್ಕೆ ಕುಸಿದು ಕೂತ. ನಾನು ಹೋಗಿ ಅವನ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಅವನ ಕೂದಲಿಂದ ಮರದ ಅಂಟಿನ ವಾಸನೆ ಬರುತ್ತಿತ್ತು. ಎಷ್ಟು ಹೊತ್ತು ಅತ್ತೆವೋ. ಅಜ್ಜಿ ಹಾಸಿಗೆಯಿಂದಲೇ ಆ ಪ್ರಾರ್ಥನೆಯನ್ನು ಹೇಳತೊಡಗಿದಳು, ನಾನೂ ದನಿ ಸೇರಿಸಿದೆ.

ಮನೆಗೆ ಬರುವಾಗ ಬಿಸಿಲಿತ್ತು. ಕೊಲ್ಲಿಯ ತುಂಬ ಮಂಜುಗಡ್ಡೆ ಒಂದಕ್ಕೊಂದು ಉಜ್ಜಿ ನರಳುತ್ತಿತ್ತು. ನಾನು ದಾರಿಯಲ್ಲಿ ನಿಂತು ಕಿವಿಗೊಟ್ಟೆ. ಯಾರೂ ಕೂಗುತ್ತಿರಲಿಲ್ಲ. ಬರೀ ಮಂಜುಗಡ್ಡೆ. ಆಗ ನನಗೆ ತಿಳಿಯಿತು ತಂಗೀ, ಓದಿ ತಿಳಿದದ್ದಲ್ಲ, ಮೈಗೆ ತಿಳಿದದ್ದು. ಆ ಹೊತ್ತಿನಲ್ಲಿ ನನ್ನ ಮಗನ ಹತ್ತಿರ ನಾನಿರಲಿಲ್ಲ. ಆದರೆ ಅವನು ಯಾರಿಗೆ ಆ ಪ್ರಾರ್ಥನೆ ಹೇಳಿದನೋ ಆ ಕರ್ತ ಅಲ್ಲಿದ್ದ. ತಾನೇ ನೀರಿಗಿಳಿದು ಪಕ್ಕದಲ್ಲಿದ್ದ. ಅವನ ಕೈ ಬೆಚ್ಚಗೆ ಮಾಡಿದವನು ಯಾರು ಮತ್ತೆ? ಚಳಿ ಹೆಚ್ಚಾದರೆ ಹಾಗೆ ಅನ್ನಿಸುತ್ತದೆ ಅಂತ ಇಲ್ಲಿನ ಗಂಡಸರು ಹೇಳುತ್ತಾರೆ, ನನಗೂ ಗೊತ್ತು. ಆದರೂ ಕೇಳುತ್ತೇನೆ, ಯಾರು? ಬಾಯಿ ತಾನಾಗಿ "ಸ್ತೋತ್ರ" ಅಂದಿತು. ಹಿಮದ ಮೇಲೆ ಒಬ್ಬಳೇ ನಿಂತು ಅಳುತ್ತಲೇ ನಕ್ಕೆ. ಯಾರಾದರೂ ನೋಡಿದ್ದರೆ ಸೆಲೀನಾಗೆ ತಲೆ ಕೆಟ್ಟಿತು ಅನ್ನುತ್ತಿದ್ದರು.

ದುಃಖ ಹೋಯಿತು ಅಂದುಕೊಳ್ಳಬೇಡ. ಅವನ ಬೂಟು ಬಾಗಿಲ ಹಿಂದೆ ಇನ್ನೂ ಇದೆ, ಗುಡಿಸುವಾಗ ಎತ್ತಿ ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಆದರೆ ನಿದ್ದೆ ಬರುತ್ತದೆ. ಬ್ರೆಡ್ಡಿಗೆ ರುಚಿ ಬಂದಿದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಯಾರೋ ನನಗಿಂತ ಮೊದಲೇ ಎದ್ದು ಒಲೆ ಹೊತ್ತಿಸಿ ಕಾಯುತ್ತಿದ್ದ ಹಾಗಿರುತ್ತದೆ.

ಡ್ರುಸಿಲ್ಲಜ್ಜಿ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಕಳೆದ ಮೇಲೆ ಕಣ್ಣು ಮುಚ್ಚಿದಳು. ಪೈಪನ್ನೂ ಜೊತೆಗೆ ಇಡಿ ಅಂತ ಹೇಳಿದ್ದಳು, ಇಟ್ಟೆವು. ಪಾದ್ರಿಗಳು ನೋಡಿಯೂ ನೋಡದವರಂತೆ ಇದ್ದರು. ಮೊನ್ನೆ ಈಸ್ಟರಿಗೆ ನಾನು ಚರ್ಚಿಗೆ ಹೋದೆ. ಹೆಡ್ಲಿಯ ಹೆಂಡತಿ ವರ್ನಾ ಪಕ್ಕದಲ್ಲಿ ಕೂತು ತನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿದಳು, ಹೆಣ್ಣು ಮಗು, ಅಪ್ಪನದೇ ಕೆಂಪು ಕೂದಲು. ಎಲ್ಲರೂ ಎದ್ದು ಹಾಡುವಾಗ ನನ್ನ ದನಿ ಒಡೆದುಹೋಯಿತು, ಆದರೂ ನಿಲ್ಲಿಸಲಿಲ್ಲ. ಹಿಂದಿನ ಸಾಲಿನ ಮಾರ್ಥಾ ಕಿವಿಯ ಹತ್ತಿರ ಬಂದು, "ನೀನಿಲ್ದೆ ನಮ್ ಹಾಡು ಕಾಗೆ ಹಿಂಡಿನ ಹಾಗಿತ್ತು ಕಣೇ" ಅಂದಳು. ಇಷ್ಟು ಸಂತೋಷ ನನಗೆ ಮತ್ತೆ ಸಿಕ್ಕೀತು ಅಂತ ಅಂದುಕೊಂಡಿರಲಿಲ್ಲ.

ಹಿಟ್ಟು ಉಬ್ಬಿದೆ, ಏಳಬೇಕು. ನಿನ್ನ ಗಂಡನ ಬೆನ್ನುನೋವು ಹೇಗಿದೆ ಬರಿ. ಮಕ್ಕಳಿಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ, ಮೊದಲ ಹಡಗಿಗೆ ಕಳಿಸುತ್ತೇನೆ. ನಮ್ಮ ಮಕ್ಕಳನ್ನು ಕಾಯುವವನು ನಿನ್ನ ಮನೆಯ ಹೊಸ್ತಿಲನ್ನೂ ಕಾಯಲಿ. ನಿಮ್ಮ ಊಟದ ಮೇಜಿನ ಸುತ್ತ ಒಂದು ಕುರ್ಚಿಯೂ ಖಾಲಿಯಾಗದಿರಲಿ.

ಇಂತಿ ನಿನ್ನ ಅಕ್ಕ,
ಸೆಲೀನಾ ರೈಡ್‌ಔಟ್

ಮತ್ತೊಂದು ಮಾತು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನ್ನ ಭಾವ ಆರೋಗ್ಯವಾಗಿದ್ದಾರೆ ಅಂತ ಬರೆದೆನಲ್ಲ, ಮೈಗೇನೂ ಆಗಿಲ್ಲ, ನಿಜ. ಅವತ್ತು ನಾನು ಓಡಿ ಬಂದು ಹೆಡ್ಲಿ ಹೇಳಿದ್ದನ್ನೆಲ್ಲ ಹೇಳಲು ಬಾಯಿ ತೆಗೆದರೆ, "ಅವನ ಬಾಯಿಂದ ಬಂದಿದ್ದು ನಂಗೆ ಬೇಡ" ಅಂದರು. ಎಷ್ಟು ಬೇಡಿಕೊಂಡೆ. ಕಿವಿ ಮುಚ್ಚಿಕೊಂಡರು ಎಲ್ಫೀ, ಚಿಕ್ಕ ಮಕ್ಕಳ ಹಾಗೆ ಎರಡೂ ಕೈಯಿಂದ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವರ ಮಗ ಇನ್ನೂ ಕೂಗುತ್ತಲೇ ಇದ್ದಾನೆ.

ಈಸ್ಟರಿನ ದಿನ ಚರ್ಚಿನಿಂದ ಬಂದು ಆಲೂಗಡ್ಡೆ ಹೆಚ್ಚುತ್ತಾ ನನಗೇ ತಿಳಿಯದೆ ಗುನುಗುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಹಾಡ್ತಿದ್ದೀಯ," ಅಂದರು. "ಇಬ್ರು ಕಾಯ್ತಾ ಇದ್ವಿ ಸೆಲೀನಾ. ಈಗ ನಾನೊಬ್ನೇ."

ಅವತ್ತೇ ತಮ್ಮ ದಿಂಬು ತೆಗೆದುಕೊಂಡು ಗಾರ್ಲಂಡನ ಕೋಣೆಗೆ ಹೋದರು. ನಾನು ಕರ್ತನಿಗೆ ಹೇಳಿದ್ದೇನೆ, ಇದು ಪಾಪವಾದರೆ ಕ್ಷಮಿಸಲಿ: ಈ ನೆಮ್ಮದಿಯಲ್ಲಿ ಅರ್ಧ ವಾಪಸ್ ತಗೋ, ಅವರ ಪಕ್ಕದಲ್ಲಿ ಕೂರೋಕೆ ಬೇಕಾದಷ್ಟು ನೋವನ್ನು ನನಗೆ ತಿರುಗಿ ಕೊಡು. ಪಾದ್ರಿಗಳಿಗೆ ಇದನ್ನು ಹೇಳಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಈಗ ಬ್ರೆಡ್ಡು ಒಲೆಗಿಟ್ಟು ದಕ್ಕೆಗೆ ಹೋಗಿ ಬಂದೆ. ಅವರ ಪಕ್ಕದ ಹಲಗೆಯ ಮೇಲೆ ಕೂತೆ. ದೇವರ ಮಾತು ಎತ್ತಲಿಲ್ಲ. ಅವರು ಬಲೆಯಿಂದ ತಲೆಯೆತ್ತದೆ ಸ್ವಲ್ಪ ಸರಿದರು. ನನಗೆ ಜಾಗ ಬಿಡುವುದಕ್ಕೋ, ನನ್ನಿಂದ ದೂರ ಕೂರುವುದಕ್ಕೋ ತಿಳಿಯಲಿಲ್ಲ. ನೀನು ಅವರಿಗಾಗಿ ಬೇಡಿಕೋ ತಂಗೀ. ನಾನು ಬೇಡಿದರೆ ಅವರಿಗೆ ನೋವಾಗುತ್ತದೆ.