ಓಯ್ರಿಕ್ ಓಡಿಹೋಗಿರಲಿಲ್ಲ

ಎಡಿನ್‌ಬರೋ, ೬ ಮಾರ್ಚ್ ೧೯೬೨

ಪ್ರೀತಿಯ ಅಜ್ಜಿಗೆ,

ನನ್ನ ಕೆಮ್ಮು ಇಳಿದಿದೆ, ಚಿಂತೆ ಬೇಡ. ಪ್ರಬಂಧಕ್ಕೆಂದು ಇಲ್ಲಿನ ಪತ್ರಾಗಾರದಲ್ಲಿ, ಹೆರಿಂಗ್ ಮೀನು ಸೀಳಲು ಹೋಗುತ್ತಿದ್ದ ನಮ್ಮ ದ್ವೀಪದ ಹುಡುಗಿಯರ ದಾಖಲೆ ಓದುತ್ತಿದ್ದೇನೆ. ಇವತ್ತು ೧೯೧೧ರ ಒಂದು ಜ್ವರದಾಸ್ಪತ್ರೆಯ ದಫ್ತರದಲ್ಲಿ ನಿನ್ನ ಅಕ್ಕ ಓಯ್ರಿಕ್ ಸಿಕ್ಕಳು. ಎಲ್ಲರೂ ಅಂದುಕೊಂಡಂತೆ ಅವಳು ಯಾರ ಜೊತೆಗೂ ಓಡಿಹೋಗಿರಲಿಲ್ಲ, ಅಜ್ಜಿ. ಮೀನು ಸೀಳುವ ಹುಡುಗಿಯರ ಗುಂಪನ್ನು ಸೇರಿಕೊಳ್ಳಲು ಒಬ್ಬಳೇ ಹೊರಟವಳು ದಾರಿಯಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಗೇಲಿಕ್ ಬಿಟ್ಟು ಬೇರೆ ಮಾತು ಬಾರದ ಅವಳಿಂದ ಊರಿನ ಹೆಸರು ಕೂಡ ಆಸ್ಪತ್ರೆಯವರಿಗೆ ತಿಳಿಯಲಿಲ್ಲ, ಅದಕ್ಕೇ ಮನೆಗೆ ಸುದ್ದಿ ಬರಲಿಲ್ಲ.

ನಾನು ಅಳುವುದನ್ನು ಕಂಡು, ದಫ್ತರ ತಂದುಕೊಡುವ ಮುದುಕ ಗಿಲ್‌ಕ್ರಿಸ್ಟ್ ಓಡಿ ಬಂದರು.

"ಪುಸ್ತಕ ಆಚೆ ಸರಿಸಮ್ಮ, ಕಣ್ಣೀರು ಬಿದ್ರೆ ಶಾಯಿ ಕದಡುತ್ತೆ," ಎಂದು ಗದರಿ, ತಮ್ಮ ಕರವಸ್ತ್ರ ಕೊಟ್ಟರು. ಆಮೇಲೆ ಅಂಚಿನಲ್ಲಿ ದಾದಿ ಬರೆದಿದ್ದನ್ನು ಓದಿದರು: 'ಕೊನೆಯವರೆಗೂ ಬೆಹಕ್, ಬೆಹಕ್ ಎನ್ನುತ್ತಿದ್ದಳು. ಅರ್ಥ ತಿಳಿಯದು.'

"ಏನು ಕೇಳ್ತಿದ್ಳೋ ಪಾಪ, ನೀರೋ ಏನೋ," ಎಂದರು.

"ನೀರಲ್ಲ ಸರ್, ಅದು ನಮ್ಮಜ್ಜಿ ಹೆಸರು," ಎಂದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಶನಿವಾರದ ದೋಣಿಗೆ ಬರುತ್ತೇನೆ.

ನಿನ್ನ ಮೊಮ್ಮಗಳು,
ಷೀನಾ