ಒಂದು ಮಾರು ಹಗ್ಗ

ಹಗ್ಗದಂಗಡಿಯ ಮಹಡಿ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಆ ನಿಘಂಟು ಕಚೇರಿಯ ಧೂಳಿನಲ್ಲಿ ಕೂತವನಿಗೆ ಕೆಮ್ಮು ಬಾರದೆ ಇನ್ನೇನು ಬಂದೀತು? ಬಿಸಿನೀರು ಕುಡಿ, ಕಿಟಕಿ ತೆರೆದಿಡು. ಅಮ್ಮ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು. ಅವಳ ಪಾಲಿನದನ್ನೂ ನಾನೇ ಹೇಳಿದಂತಾಯಿತು. ನಾನು ಗಟ್ಟಿಯಾಗಿದ್ದೇನೆ. ಅಪ್ಪನ ವಿಷಯಕ್ಕೇ ಈ ಕಾಗದ.

ನಿನ್ನ ಕಾಗದ ತಲುಪಿತು. ಎರಡು ಪುಟವೂ ‘ಫ್ಯಾದಮ್’ ಎಂಬ ಒಂದೇ ಪದದ ಮೇಲೆ. ಬಂದರಿನ ದೋಣಿಯವರು ದಿನಾ ಆಡುವ ಮಾತು ಅದು, ನಮ್ಮ ಬಾಯಲ್ಲಿ ಮಾರು. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಚಾಚಿದ ಎರಡು ತೋಳು, ಅಪ್ಪುಗೆ ಎಂಬ ಅರ್ಥವಿತ್ತಂತೆ. ಆಮೇಲೆ ಆ ತೋಳುಗಳ ಉದ್ದವೇ ಅಳತೆಯಾಗಿ ಆರು ಅಡಿಗೆ ನಿಂತಿತಂತೆ, ಅದರಲ್ಲೇ ಕಡಲಿನ ಆಳವನ್ನೂ ಅಳೆದರಂತೆ. ಕೊನೆಗೆ ಒಬ್ಬರ ಮನಸ್ಸಿನ ಆಳ ತಿಳಿಯುವುದಕ್ಕೂ ಅದೇ ಪದವಂತೆ. ಚೆನ್ನಾಗಿ ಬರೆದಿದ್ದೀಯ, ಇಲ್ಲವೆನ್ನುವುದಿಲ್ಲ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದ. ಆದರೆ ಅಟ್ಟದ ಏಣಿಯಿಂದ ಬಿದ್ದಮೇಲೆ ಅವನ ಬಲಗೈ ಪೂರ್ತಿ ಚಾಚಲು ಬರುತ್ತಿಲ್ಲ ಎಂದು ನಾನು ಬರೆದಿದ್ದೆನಲ್ಲ, ಅದಕ್ಕೆ ನಿನ್ನಿಂದ ಒಂದು ಸಾಲೂ ಇಲ್ಲ. ಸತ್ತ ಅರ್ಥಗಳನ್ನು ವಿಚಾರಿಸಿಕೊಳ್ಳುವುದಕ್ಕೆ ಮಾತ್ರ ನಿನಗೆ ಪುರುಸೊತ್ತು.

ಅಂಗಡಿ ಕಟ್ಟೆಯ ಅಂಚಿನ ಎರಡು ಹಿತ್ತಾಳೆ ಮೊಳೆ ನೆನಪಿದೆಯಲ್ಲ? ಅಪ್ಪ ತೋಳು ಚಾಚಿದರೆ ಸರಿಯಾಗಿ ಅವನ ಬೆರಳ ತುದಿಗೆ ಬರುತ್ತಿದ್ದವು. ನೀನು ಹೊರಟ ದಿನ ನಿನ್ನನ್ನು ಅಲ್ಲಿ ನಿಲ್ಲಿಸಿ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. “ಇನ್ಮೇಲೆ ಈ ಮೊಳೆ ಇವನದು” ಎಂದು ನಿನ್ನನ್ನು ತಬ್ಬಿಕೊಂಡ. ನಾನು ನಿನ್ನ ಟ್ರಂಕು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಅಳೆಯಲೂ ಇಲ್ಲ, ತಬ್ಬಲೂ ಇಲ್ಲ. ಆವತ್ತು ಉರಿದ ಹೊಟ್ಟೆ ಇನ್ನೂ ತಣ್ಣಗಾಗಿಲ್ಲ ಅಣ್ಣಾ.

ಈಗ ಅವನ ಬಲಗೈ ಮೊಳೆಯವರೆಗೆ ಹೋಗುವುದಿಲ್ಲ. ಆದರೂ ಕೈ ಎಲ್ಲಿ ನಿಲ್ಲುತ್ತದೋ ಅಲ್ಲೇ ಹಗ್ಗಕ್ಕೆ ಮಾರಿನ ಗುರುತಿನ ಕೆಂಪು ದಾರ ಕಟ್ಟುತ್ತಿದ್ದ. ಮೊಳೆ ನೋಡಪ್ಪಾ ಎಂದರೆ, “ನನ್ನ ಕೈಗೆ ಮೊಳೆ ಪಾಠ ಹೇಳುತ್ತಾ?” ಎಂದು ರೇಗುತ್ತಿದ್ದ. ನಾನು ಅಳೆಯುತ್ತೇನೆಂದರೆ, “ನಿಂದು ಗಿಡ್ಡ ಕೈ. ಅಣ್ಣ ಬರ್ಲಿ” ಎನ್ನುತ್ತಿದ್ದ. ಗಿರಾಕಿಗಳು ದಾಕ್ಷಿಣ್ಯಕ್ಕೆ ಬಾಯಿ ಬಿಡಲಿಲ್ಲ, ಮೆಲ್ಲಗೆ ಬೇರೆ ಅಂಗಡಿ ನೋಡಿಕೊಂಡರು. ಉಳಿದವನು ಅಪ್ಪನ ಗೆಳೆಯ ದೋಣಿಮಾಮ ಒಬ್ಬನೇ. ಅವನು ಎಂದಿನ ಜಾಗದಲ್ಲಿ, ಎಂದಿನಂತೆ ದಾರ ಎಣಿಸಿ ಲಂಗರಿನ ಹಗ್ಗ ಬಿಟ್ಟಿದ್ದಾನೆ. ಹಗ್ಗ ಸಾಲದೆ ಲಂಗರು ನೆಲ ಕಚ್ಚಲಿಲ್ಲ. ದೋಣಿ ತೇಲಿ ಹೋಗಿ ಬಂದರಿನ ಕಲ್ಲುಗೋಡೆಗೆ ಅಪ್ಪಳಿಸಿತು, ನಡುವೆ ಅವನ ಕಾಲು ಸಿಕ್ಕಿತು. ಇನ್ನು ಅವನು ಕಡಲಿಗೆ ಇಳಿಯಲಾರ.

ನಿನ್ನೆ ಊರುಗೋಲಿನಲ್ಲಿ ಬಂದು ಆ ಹಗ್ಗವನ್ನು ಮೊಳೆಯಿಂದ ಮೊಳೆಗೆ ಹಾಸಿ ತೋರಿಸಿದ. ಒಂದು ದಾರವೂ ಮೊಳೆ ಮುಟ್ಟಲಿಲ್ಲ. ಹಗ್ಗವನ್ನು ಕಟ್ಟೆಯ ಮೇಲೇ ಬಿಟ್ಟು ಹೋದ, ಬೈದಿದ್ದರೆ ಎಷ್ಟೋ ಮೇಲಿತ್ತು. ಅಪ್ಪ ಅದನ್ನು ಸುತ್ತಿಡುತ್ತಾ, “ಅವನಿದ್ದಿದ್ರೆ ಹೀಗಾಗ್ತಿರಲಿಲ್ಲ” ಎಂದ. ನಾನು ಎದುರಿಗೇ ನಿಂತಿದ್ದೆ.

ಆದ್ದರಿಂದ ಇಷ್ಟು ಮಾಡು. ಪದದ ಕಥೆ ಸಾಕು. ಬರುತ್ತೀಯೋ ಇಲ್ಲವೋ, ಒಂದೇ ಸಾಲಿನಲ್ಲಿ ಅಪ್ಪನಿಗೆ ಬರೆ. ಇಲ್ಲವೆಂದು ನಾನು ಹೇಳಿದರೆ ಅವನು ನಂಬುವುದಿಲ್ಲ. ಅತ್ತಿಗೆಗೆ ನನ್ನ ನೆನಪು ಹೇಳು, ಮಗುವಿಗೆ ಮುತ್ತು.

ಇತಿ,
ನಿನ್ನ ಗಿಡ್ಡಿ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಕೆಳಗೆ ಸುತ್ತಿಗೆಯ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ ಎಡಗೈಯಲ್ಲಿ ಬಲಗಡೆಯ ಮೊಳೆ ಕೀಳುತ್ತಿದ್ದ. “ಕೈ ಚಾಚು” ಎಂದ. ಚಾಚಿದೆ. ನನ್ನ ಬೆರಳ ತುದಿಗೆ ಬೇರೆ ಮೊಳೆ ಹೊಡೆದು, “ನಿನ್ನ ಮಾರಿಗೊಂದು ಅಂಗೈ ಸೇರಿಸಿ ಅಳೆದು ಕೊಡು” ಎಂದು ಒಳಗೆ ಹೋದ. ನಿನ್ನ ಪದದ ಮೊದಲ ಅರ್ಥ, ಆ ಅಪ್ಪುಗೆ, ನಿನಗೆ ಸಿಕ್ಕಿತ್ತು, ನನಗೆ ಸಿಕ್ಕಿದ್ದು ಮೊಳೆ. ಆ ಒಂದು ಸಾಲನ್ನು ಇನ್ನು ಬರೆಯಬೇಡ, ಅಪ್ಪ ಕಾಯುವುದನ್ನು ಬಿಟ್ಟಿದ್ದಾನೆ. ಕಿತ್ತ ಮೊಳೆ ಈ ಲಕೋಟೆಯಲ್ಲೇ ಇದೆ. ನಿನ್ನದಲ್ಲವೇ, ಇಟ್ಟುಕೋ.