ನೀಲಿ ಟೀಶರ್ಟಿನ ಹೊಸಬ

ಕಾವ್ಯಾ ಮೇಡಂ ಅವರಿಗೆ,

ಕಳೆದ ಭಾನುವಾರ ಸಾಹಸ ಶಿಬಿರದಲ್ಲಿ ನಿಮ್ಮ ಆಫೀಸಿನ ತಂಡದೊಳಕ್ಕೆ ನುಸುಳಿದ ಅಪರಾಧಿ ನಾನೇ ಎಂದು ಆತ್ಮಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ. ಒಂಟಿಯಾಗಿ ಬಂದವರನ್ನು ಹಗ್ಗದ ಸೇತುವೆ ಹತ್ತಿಸುವುದಿಲ್ಲ ಎಂದರು ಶಿಬಿರದವರು. ಹಾಗಾಗಿ ನಿಮ್ಮ ನೀಲಿ ಟೀಶರ್ಟುಗಳ ರಾಶಿಯಿಂದ ಒಂದನ್ನು ಎತ್ತಿ ತೊಟ್ಟುಕೊಂಡೆ. "ಹೊಸದಾಗಿ ಜಾಯಿನ್ ಆದೋರಾ? ಹೆಸರೇನ್ರೀ?" ಎಂದು ನೀವೇ ಕೇಳಿದಿರಿ. ನಾನು ನಡುಸೇತುವೆಯಲ್ಲಿ ನಿಂತಾಗ ಇಡೀ ತಂಡ "ಚನ್ನವೀರಾ, ಬಾರೋ ಮಗಾ!" ಎಂದು ಕೂಗಿತು.

ಟೀಶರ್ಟ್ ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಹೂಡಿಯಲ್ಲಿರುವ ನಿಮ್ಮ ಆಫೀಸಿಗೇ ತಂದುಕೊಡುತ್ತೇನೆ. ಮುಂದಿನ ಔಟಿಂಗಿಗೂ ನನ್ನನ್ನು ಸೇರಿಸಿಕೊಳ್ಳುವಿರಾ? ಊಟ ನಾನೇ ಕಟ್ಟಿಕೊಂಡು ಬರುತ್ತೇನೆ.

ಇನ್ನೊಂದು ಮಾತು. ಭಯಕ್ಕೆ ನಿಂತದ್ದಲ್ಲ, ಸೇತುವೆಯ ಕೆಳಗಿನ ಕೆರೆಯ ನೋಟ ಸವಿಯುತ್ತಿದ್ದೆ ಎಂದು ಕೆಳಗಿಳಿದು ಜಂಭ ಕೊಚ್ಚಿದೆನಲ್ಲ? ಕೆರೆಯನ್ನು ನಾನು ನೋಡಲೇ ಇಲ್ಲ. ದಾಟಿಬಿಟ್ಟರೆ ನೀವೆಲ್ಲ ಕೂಗುವುದನ್ನು ನಿಲ್ಲಿಸಿಬಿಡುತ್ತಿದ್ದಿರಿ.

ನಿಮ್ಮ ಹಾಜರಿ ಪುಸ್ತಕದಲ್ಲಿಲ್ಲದ ಸಹೋದ್ಯೋಗಿ,
ಚನ್ನವೀರಪ್ಪ
ಬ್ರೂಕ್‌ಫೀಲ್ಡ್